ತಿರುವಿನ ಪಂಚ

ಉಗುರಿನ ಸಂದಿಯಲ್ಲಿ ಸುಣ್ಣ ಹಾಗೇ ಉಳಿದಿತ್ತು. ಬೆಟಗೇರಿಯ ಮನೆಯ ಬಚ್ಚಲಲ್ಲಿ ನಿಂತು ನಿಜಲಿಂಗಪ್ಪ ಬಲಗೈಯ ಮೂರು ಬೆರಳುಗಳನ್ನು ಕಲ್ಲಿಗೆ ಉಜ್ಜಿದ, ಸಾಬೂನು ಹಚ್ಚಿದ, ಕೊನೆಗೆ ಹೆಂಡತಿ ಪಾತ್ರೆ ತಿಕ್ಕುವ ನಾರನ್ನೇ ತೆಗೆದುಕೊಂಡು ಕೆರೆದ. ಚರ್ಮ ಕೆಂಪಾಯಿತೇ ಹೊರತು ಬಿಳಿ ಹೋಗಲಿಲ್ಲ. ಎಲೆ ಅಡಿಕೆ ಹಾಕುವವನ ಕೈಯಲ್ಲಾದರೆ ಸುಣ್ಣ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅವನು ಹಾಕುವವನಲ್ಲ. ಸ್ಟೇರಿಂಗ್ ಹಿಡಿದವನ ಬಾಯಿ ಖಾಲಿ ಇರಬೇಕು, ಉಗುಳಲು ಹೊರಳಿದ ಕ್ಷಣದಲ್ಲೇ ಎದುರಿನಿಂದ ಲಾರಿ ಬರುತ್ತದೆ ಎಂದು ನಂಬಿ, ಸರಕಾರಿ ಬಸ್ಸು ಓಡಿಸಿದಷ್ಟೂ ಕಾಲ ಅಡಿಕೆಯ ಚೂರನ್ನೂ ಮುಟ್ಟದೆ ಕಳೆದವನು. ಅಪಘಾತ ಮಾಡದ ಡ್ರೈವರ್ ಎಂದು ನಿವೃತ್ತಿಗೆ ಮೊದಲು ಕೊಟ್ಟ ಬೆಳ್ಳಿ ಪದಕ ಹೊರಗಿನ ಕೋಣೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಶೇಖವ್ವ ದಿನಾ ಬೆಳಿಗ್ಗೆ ದೇವರ ಫೋಟೋಗಳ ಜೊತೆಗೆ ಅದನ್ನೂ ಒರೆಸುವಳು. ಇವತ್ತೂ ಒರೆಸುತ್ತ, ಬಚ್ಚಲಿಗೆ ಕೇಳುವಂತೆ ಹೇಳಿದಳು: “ಓಣ್ಯಾಗೆಲ್ಲಾ ನಿಮ್ಮದ ಮಾತು. ಬಾಜೂ ಮನಿಯಾಕಿ ಅಂತಿದ್ಲು, ನಿಮ್ಮ ಯಜಮಾನ್ರು ನಿಂತಿದ್ರಂತ ನಿನ್ನಿ ನ್ಯಾಯ ಆತು, ಇಲ್ಲಂದ್ರ ಹೊಡದಾಟನ ಆಗತಿತ್ತು ಅಂತ.” ಅವನು ಹೂಂ ಎಂದ. “ಉಪ್ಪಿಟ್ಟು ಆರಾಕತ್ತೈತಿ, ಬಚ್ಚಲದಾಗ ಎಷ್ಟೊತ್ತು ನಿಂದರತೀರಿ?” ಎಂದಳು ಅವಳು.

ನ್ಯಾಯ ಎಂಬ ಮಾತಿಗೆ ಅವನ ಕೈ ನಿಂತಿತ್ತು. ಮಲ್ಲಸಮುದ್ರದ ಆಚೆ ಹೊಸದಾಗಿ ಹಾಕಿದ ಬೈಪಾಸ್ ರಸ್ತೆ ಇನ್ನೂ ವಾಹನಗಳಿಗೆ ತೆರೆದಿಲ್ಲ. ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಗ್ಯಾರೇಜಿನವರು, ಬಾಡಿಗೆ ಟ್ರ್ಯಾಕ್ಸ್ ಜೀಪು ಓಡಿಸುವವರು ಕೂಡಿ ನಿನ್ನೆ ಅದರ ಮೇಲೆ ಹಳೆಯ ಮಾರುತಿ ಕಾರುಗಳ ಓಟದ ಶರ್ಯತ್ತು ಇಟ್ಟಿದ್ದರು. ಎಂಜಿನ್ನು ಕಂಪನಿಯಿಂದ ಬಂದದ್ದೇ ಇರಬೇಕು. ಗಾಜು, ಹಿಂದಿನ ಸೀಟು ಬೇಕಾದರೆ ತೆಗೆಯಬಹುದು. ರಸ್ತೆಯ ಆ ತುದಿಯಲ್ಲಿ ಒಂದು ಡಾಂಬರಿನ ಡ್ರಮ್ಮು, ಅದನ್ನು ಬಲಕ್ಕೆ ಸುತ್ತಿ ಮರಳಿ ಬರಬೇಕು. ನಿಯಮಗಳು ಮಾತ್ರ ಎತ್ತಿನ ಗಾಡಿಯ ಶರ್ಯತ್ತಿನವು, ಯಾಕೆಂದರೆ ಇವರ ಅಪ್ಪಂದಿರೆಲ್ಲ ಆ ಗಾಡಿ ಓಡಿಸಿದವರು. ಒತ್ತಿ ಓಡಿಸಬಹುದು, ಹೊಲಸು ಓಡಿಸಬಾರದು. ಎರಡರ ನಡುವಿನ ಅಂತರವನ್ನು ಕಮಿಟಿಯ ಹಿರಿಯ ಕೊಟ್ರೇಶ ಶುರುವಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ್ದ: “ಹಿಂದಿನವನ ಮೂತಿ ಮುಂದಿನವನ ಬಾಗಲಾ ಮುಟ್ಟೂಮಟ ಬಂದಿತ್ತಂದ್ರ ತಿರುವಿನ್ಯಾಗ ಅವಗ ಒಂದು ಗಾಡಿ ಜಾಗಾ ಬಿಡಬೇಕು. ಬಿಡದ ಒಳಗ ಎಳದ್ರ ಮುಂದಿನಾವ ಹೊಲಸು. ಅಲ್ಲೀಮಟ ಬಂದಿರಲೇ ಇಲ್ಲ, ಸುಮ್ನ ತುರಕಿದಾ ಅಂದ್ರ ಹಿಂದಿನಾವ ಹೊಲಸು.” ಜನರನ್ನೆಲ್ಲ ಶುರುವಿನ ಕಡೆಗೇ ತಡೆದಿದ್ದರು. ತಿರುವಿನಲ್ಲಿ ನಿಲ್ಲುವವನು ಪಂಚ ಒಬ್ಬನೇ, ಅವನ ಕಣ್ಣೇ ಕಡೆಯ ಮಾತು. ಹೊಲಸು ಓಡಿಸಿದವನ ಬಾಗಿಲಿಗೆ ಪಂಚ ಮೂರು ಬೆರಳಿನಿಂದ ಸುಣ್ಣದ ಗೆರೆ ಎಳೆಯುತ್ತಾನೆ. ಮುಂದಿನ ಶರ್ಯತ್ತಿನವರೆಗೆ ಗಾಡಿಯವನು ಅದನ್ನು ಒರೆಸುವಂತಿಲ್ಲ, ಒರೆಸಿದರೆ ಎಳೆದ ಪಂಚನೇ ಒರೆಸಬೇಕು. ಅದಕ್ಕಿಂತ ಕಠಿಣವಾದದ್ದು ಇನ್ನೊಂದು: ದಾರಿಯಲ್ಲಿ ಯಾರೇ ಆಗಲಿ, ಸಣ್ಣ ಕೂಸೇ ಆಗಲಿ, ಸುಣ್ಣ ಯಾಕೆ ಹತ್ತಿತು ಎಂದು ಕೇಳಿದರೆ ಗಾಡಿಯವನು ಸಿಟ್ಟಾಗದೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಈ ಕಾಲದಲ್ಲಿ ಇಂಥ ರಿವಾಜನ್ನು ಯಾರು ಪಾಲಿಸುತ್ತಾರೆ ಎಂದು ಹೊರಗಿನವರು ನಗಬಹುದು. ಗ್ಯಾರೇಜಿನವರು ಪಾಲಿಸುತ್ತಿದ್ದರು.

ನಿನ್ನೆ ಪಂಚನಾಗಿ ನಿಂತಿದ್ದ ನಿಜಲಿಂಗಪ್ಪ ಇನಾಯತನ ಕಾರಿನ ಬಾಗಿಲಿಗೆ ಗೆರೆ ಎಳೆದಿದ್ದ. ಇನಾಯತ ಮುಂಡರಗಿಯ ಆಚೆ ಹೊಳೆದಂಡೆಯ ಕೊರ್ಲಹಳ್ಳಿಯವನು, ಮಲ್ಲಸಮುದ್ರದ ಹತ್ತಿರ ಗ್ಯಾರೇಜು ಇಟ್ಟು ನಾಲ್ಕು ಕಡೆಯ ಟ್ರ್ಯಾಕ್ಸುಗಳನ್ನು ರಿಪೇರಿ ಮಾಡಿ ಬದುಕುತ್ತಿರುವವನು. ಮುಂದೆ ಶಿರಹಟ್ಟಿಯ ವೀರುವಿನ ನೀಲಿ ಕಾರು, ಅದರ ಬೆನ್ನಿಗೆ ಇನಾಯತನ ಕೆಂಪು ಕಾರು, ಎರಡೂ ಧೂಳಿನೊಳಗಿಂದ ಡ್ರಮ್ಮಿನ ಕಡೆಗೆ, ಅಂದರೆ ಅದರ ಪಕ್ಕ ನಿಂತ ಅವನ ಕಡೆಗೇ ಬಂದವು. ಆಮೇಲೆ ತಗಡಿಗೆ ತಗಡು ಬಡಿದ ಸದ್ದು. ಆಮೇಲೆ ನೋಡಿದರೆ ನೀಲಿ ಕಾರು ಎಡಗಡೆಯ ತಗ್ಗಿಗೆ ಇಳಿದು ಎರೆಮಣ್ಣಿನಲ್ಲಿ ಮೂತಿ ಊರಿತ್ತು, ಕೆಂಪು ಕಾರು ಬೆನ್ನು ತೋರಿಸಿ ದೂರ ಹೋಗುತ್ತಿತ್ತು. ಆ ಎರಡು ಆಮೇಲೆಗಳ ನಡುವೆ ಏನಿತ್ತು? ಕತ್ತಲೆ ಇತ್ತು. ಅವನು ಕಣ್ಣು ಮುಚ್ಚಿದ್ದ.

ಹಾಗೆ ಅಂದುಕೊಂಡ ಕೂಡಲೇ ಮನಸ್ಸು ಪಕ್ಕಕ್ಕೆ ಸರಿಯುತ್ತಿತ್ತು. ಮುಚ್ಚಿರಲಿಲ್ಲ, ರೆಪ್ಪೆ ಬಡಿದಿತ್ತು ಅಷ್ಟೇ; ಧೂಳು ಹೊಕ್ಕಿತ್ತು; ವಯಸ್ಸಾದ ಕಣ್ಣಿಗೆ ಬಿಸಿಲು. ಯಾವುದೂ ನಿಲ್ಲುತ್ತಿರಲಿಲ್ಲ. ಧೂಳು ಹೊಕ್ಕಿದ್ದರೆ ಕಣ್ಣು ಉರಿಯಬೇಕಿತ್ತು, ಉರಿದದ್ದು ಕಿವಿ. ಕೊಟ್ರೇಶ ಮೋಟರ್ ಸೈಕಲ್ಲಿನ ಮೇಲೆ ಹಾರಿ ಬಂದು “ಯಾರದ್ರಿ ತಪ್ಪು?” ಎಂದು ಕೇಳಿದಾಗ ಅವನು ಇನ್ನೂ ಆ ಸದ್ದಿನೊಳಗೇ ಇದ್ದ. ಬಾಯಿ ಮಾತ್ರ ತಾನೇ ಹೇಳಿಬಿಟ್ಟಿತು, “ಹಿಂದಿನ ಗಾಡೀದು.” ಅದು ಡಿಪೋದ ಬಾಯಿ. ಎಲ್ಲಿ ಬಸ್ಸಿಗೆ ಬಸ್ಸು ತಾಗಿದರೂ, ವಿಚಾರಣೆಗೆ ಕೂತವರು ಚಹಾ ಬರುವ ಮೊದಲೇ ಹೇಳುತ್ತಿದ್ದ ಮಾತು ಅದು: ಹಿಂದಿನವನು ಅಂತರ ಬಿಡಲಿಲ್ಲ. ಅಂತರ ಬಿಡುವುದೇ ಧರ್ಮವಾದ ಕಡೆ ಬದುಕಿದವನನ್ನು, ಅಂತರ ಮುಚ್ಚುವುದೇ ಆಟವಾದ ಕಡೆ ತಂದು ನಿಲ್ಲಿಸಿದ್ದರು. ತಾನಾದರೂ ಹೇಳಬೇಕಿತ್ತು, ಇದು ನನ್ನ ಕೆಲಸವಲ್ಲ ಎಂದು. ಹೇಳಲಿಲ್ಲ, ಯಾಕೆಂದರೆ ಕರೆಯಲು ಬಂದವರು ಪದಕದ ಮುಂದೆ ನಿಂತು ನೀವಲ್ಲದೆ ಇನ್ಯಾರು ಎಂದಿದ್ದರು. ಆ ಮಾತಿನ ಮೇಲೆಯೇ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದ. ಸುಣ್ಣದ ಡಬ್ಬಿಯಲ್ಲಿ ಬೆರಳು ಅದ್ದಿ ಕೆಂಪು ಬಾಗಿಲಿಗೆ ಗೆರೆ ಎಳೆಯುವಾಗ ಕಿಟಕಿಯ ಮೇಲೆ ಇಟ್ಟಿದ್ದ ಇನಾಯತನ ಕೈಯ ಮೇಲೂ ಒಂದು ಹನಿ ಬಿತ್ತು. ಆ ಹುಡುಗ ಜಗಳ ಮಾಡಲಿಲ್ಲ. ಅವನ ಮುಖವನ್ನೇ ದಿಟ್ಟಿಸಿ, “ನೀವು ಕಂಡದ್ದು ಖರೆ ಇರಬೇಕ್ರಿ ಕಾಕಾ” ಎಂದ. ನಿನ್ನೆ ಅದು ಮರ್ಯಾದೆಯ ಮಾತಾಗಿ ಕೇಳಿಸಿತ್ತು.

ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಅವನು ತನ್ನ ಟಿವಿಎಸ್ ಹೊರಗೆ ತಂದ. ಹಿಡಿಕೆಗೆ ತೂಗುಹಾಕಿದ ಚೀಲದಲ್ಲಿ ಸುಣ್ಣದ ಡಬ್ಬಿ ಹಾಗೇ ಇತ್ತು; ಮುಂದಿನ ಶರ್ಯತ್ತಿನವರೆಗೆ ಡಬ್ಬಿ ಪಂಚನ ಹತ್ತಿರವೇ ಇರಬೇಕು. ಎಲ್ಲಿಗೆ ಎಂದು ಶೇಖವ್ವ ಕೇಳಿದ್ದಕ್ಕೆ ಮಲ್ಲಸಮುದ್ರದಲ್ಲಿ ಸ್ವಲ್ಪ ಕೆಲಸ ಇದೆ ಎಂದ. ನಿಜವಾಗಿ ಏನು ಕೆಲಸ ಎಂದು ಅವನಿಗೇ ಗೊತ್ತಿರಲಿಲ್ಲ. ಗದಗಿನ ಹಳೆ ಬಸ್ ಸ್ಟ್ಯಾಂಡಿನ ಗದ್ದಲ ದಾಟುವಾಗ ಎಂದಿನಂತೆ ಬಸ್ಸುಗಳ ಡ್ರೈವರುಗಳನ್ನು ನೋಡಿದ. ಒಬ್ಬ ಫೋನಿನಲ್ಲಿ ಮಾತಾಡುತ್ತಿದ್ದ, ಒಬ್ಬ ಕಿಟಕಿಯಿಂದ ಉಗುಳಿದ. ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ಅವರಿಗೆಲ್ಲ ಮೆಮೊ ಕೊಟ್ಟು ಮುಂದೆ ಹೋಗುತ್ತಿದ್ದ. ಇವತ್ತು ಅವರ ಕಣ್ಣುಗಳನ್ನು ನೋಡಿದ; ಎಲ್ಲರವೂ ತೆರೆದಿದ್ದವು. ಆಗ ಪಕ್ಕದ ಸಂದಿಯಿಂದ ಉಳ್ಳಾಗಡ್ಡಿ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಗಪ್ಪನೆ ರಸ್ತೆಗೆ ಬಂತು. ಮುಂದಿನದು ಅವನಿಗೆ ಗೊತ್ತಾದದ್ದು ಕಾಲಿನಿಂದ. ಎಡಗಾಲು ನೆಲಕ್ಕೆ ಉಜ್ಜುತ್ತಿತ್ತು, ಚಪ್ಪಲಿ ಹರಿಯಿತು, ಕೈ ಬ್ರೇಕು ಹಿಂಡಿತ್ತು, ಎಲ್ಲವೂ ಕತ್ತಲೆಯಲ್ಲಿ. ಕಣ್ಣು ಬಿಟ್ಟಾಗ ಟ್ರ್ಯಾಕ್ಟರಿನ ದೊಡ್ಡ ಗಾಲಿ ಮೂಗಿನ ಮುಂದೆ ನಿಂತಿತ್ತು. “ಏ ಯಜಮಾನ, ಕಣ್ಣು ಮನ್ಯಾಗ ಇಟ್ಟು ಬಂದಿಯೇನು?” ಎಂದು ಮೇಲಿನಿಂದ ಬೈದ ಡ್ರೈವರ್ ಬಗ್ಗಿ ನೋಡಿ ಗುರುತು ಹಿಡಿದ, ಕೆಳಗಿಳಿದು ಕೈಮುಗಿದ. “ತಪ್ಪಾತ್ರಿ, ನೀವು ಅಂತ ಗೊತ್ತಾಗಲಿಲ್ಲ. ನಿಮ್ಮ ತಪ್ಪು ಇರಾಕ ಸಾಧ್ಯ ಐತೇನ್ರಿ? ನಂದ ತಪ್ಪು.” ಸುತ್ತ ನಿಂತವರೂ ಹೌದೆಂದು ಟ್ರ್ಯಾಕ್ಟರಿನವನಿಗೇ ಬೈದರು. ನಿಜಲಿಂಗಪ್ಪ ಹರಿದ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು, ಇರಲಿ ಇರಲಿ ಎಂದು ಕ್ಷಮಿಸಿ ಹೊರಟ.

ಕ್ಷಮಿಸಿ ಹೊರಟ! ಒಂದು ಕಾಲು ಬರಿಗಾಲು, ಅದರ ಹೆಬ್ಬೆರಳು ಉರಿಯುತ್ತಿತ್ತು. ಡಂಬಳ ದಾಟಿ ಮುಂಡರಗಿಯ ದಾರಿಯಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಕಡೆ ಒಮ್ಮೆ ಹೀಗೇ ಆಗಿತ್ತಲ್ಲ, ಬಸ್ಸು ತುಂಬ ಜನ, ತಿರುವಿನಲ್ಲಿ ಎರಡು ಮೋಟರ್ ಸೈಕಲ್ಲು ಒಟ್ಟಿಗೆ ಎದುರಾಗಿದ್ದವು. ಬಸ್ಸು ನಿಂತಿತು, ಯಾರಿಗೂ ಏನೂ ಆಗಲಿಲ್ಲ, ಜನ ಅವನ ಬೆನ್ನು ತಟ್ಟಿದರು. ಎಂಥಾ ಕಣ್ಣಪ್ಪಾ ಇವರದು ಎಂದು ಒಬ್ಬ ಮುದುಕ ಅಂದದ್ದು ನೆನಪಿದೆ. ಮೋಟರ್ ಸೈಕಲ್ಲುಗಳು ಹೇಗೆ ದಾಟಿ ಹೋದವು ಎಂಬುದು ನೆನಪಿಲ್ಲ. ಇಷ್ಟು ದಿನ ಮರೆತಿದ್ದೇನೆ ಎಂದುಕೊಂಡಿದ್ದ, ನೋಡಿದ್ದರೆ ತಾನೇ ಮರೆಯುವುದು? ಪದಕ ಕಾಲಿನದು. ಹೆದರಿ ಹೆದರಿ ಯಾವಾಗಲೂ ಮೊದಲೇ ಬ್ರೇಕಿನ ಮೇಲೆ ಇರುತ್ತಿದ್ದ ಬಲಗಾಲಿನದು. ಅದನ್ನು ಕಣ್ಣಿನದೆಂದು ತಿಳಿದು ಜನ ಅವನನ್ನು ತಿರುವಿಗೆ ತಂದು ನಿಲ್ಲಿಸಿದ್ದರು. ಅವನೂ ಹಾಗೇ ತಿಳಿದಿದ್ದ.

ಮಲ್ಲಸಮುದ್ರದ ಕ್ರಾಸಿನಲ್ಲಿ ರಹಮಾನಸಾಬನ ಚಹಾದಂಗಡಿ. ಬಸ್ಸಿಗೆ ಕಾಯುವವರೆಲ್ಲ ಅದರ ತಗಡಿನ ನೆರಳಿನಲ್ಲೇ ನಿಲ್ಲುತ್ತಾರೆ. ಒಳಗಿನ ಬೆಂಚಿನ ಮೇಲೆ ಕೊಟ್ರೇಶ, ಶರ್ಯತ್ತಿಗೆ ಬಹುಮಾನ ಕೊಟ್ಟ ಸಿಮೆಂಟ್ ಅಂಗಡಿಯ ಸಂಗಪ್ಪ, ಕುತ್ತಿಗೆಗೆ ಬಟ್ಟೆ ಕಟ್ಟಿ ಎಡಗೈ ಇಳಿಬಿಟ್ಟ ವೀರು. ತಗ್ಗಿಗೆ ಬಿದ್ದರೂ ಗೆದ್ದವನು ವೀರು; ಬೀಳಿಸಿದವನಿಗೆ ಸುಣ್ಣ ಹತ್ತಿದ ಮೇಲೆ ಗೆಲುವು ಬಿದ್ದವನದೇ. ಅವನು ಎದ್ದು ಬಂದು ಬಲಗೈಯಿಂದ ನಿಜಲಿಂಗಪ್ಪನ ಕಾಲು ಮುಟ್ಟಿದ, ಮುಖ ನೋಡಲಿಲ್ಲ. “ಬರ್ರಿ ಬರ್ರಿ, ಇಲ್ಲೆ ಕುಂಡ್ರಿ” ಎಂದು ಸಂಗಪ್ಪ ಜಾಗ ಮಾಡಿಕೊಟ್ಟ. ಮುದುಕ ರಹಮಾನಸಾಬ ಹಾಲು ತರಲು ಹಿತ್ತಲಿಗೆ ಹೋಗುವುದನ್ನೇ ಕಾದು, ನಿಜಲಿಂಗಪ್ಪನ ಕಿವಿಯ ಹತ್ತಿರ ಬಾಗಿದ. ಮುದುಕನಿಗೆ ಕಿವಿ ಮಂದ, ಹಾಗೆ ಕಾಯುವ ಅಗತ್ಯವೇನೂ ಇರಲಿಲ್ಲ. “ಖರೆ ಹೇಳ್ತೇನ್ರಿ, ನಮ್ಮವರು ಅಂತ ಒಬ್ಬರರ ಅಲ್ಲಿ ನಿಂತಿದ್ರಲ್ಲ, ಅದ ಪುಣ್ಯ. ಇಲ್ಲಂದ್ರ ಅವರು ಬಿಡ್ತಿದ್ರೇನು?”

ನಮ್ಮವರು. ನಿಜಲಿಂಗಪ್ಪನಿಗೆ ಅಂಥದ್ದು ತನ್ನ ತಲೆಯಲ್ಲಿ ಸುಳಿದೂ ಇರಲಿಲ್ಲ ಎಂದು ಹೇಳಬೇಕೆನಿಸಿತು, ಹೇಳಲು ಬಾಯಿ ತೆರೆಯುವ ಮೊದಲು ಅನುಮಾನ ಬಂತು. ಸುಳಿದಿರಲಿಲ್ಲ ಎಂದು ಹೇಗೆ ಗೊತ್ತು? ಆ ಕತ್ತಲೆಯಲ್ಲಿ ಏನೇನಿತ್ತು ಎಂದು ಯಾರು ನೋಡಿದ್ದಾರೆ? ಮನಸ್ಸಿನಲ್ಲೇ ಕಾರುಗಳನ್ನು ಅದಲುಬದಲು ಮಾಡಿ ನೋಡಿದ: ಮುಂದೆ ಕೆಂಪು, ಹಿಂದೆ ನೀಲಿ, ತಗ್ಗಿನಲ್ಲಿ ಇನಾಯತ, ದೂರ ಹೋಗುತ್ತಿರುವವನು ವೀರು. ಕೊಟ್ರೇಶ ಹಾರಿ ಬಂದು ಯಾರದ್ರಿ ತಪ್ಪು ಎಂದ. ಬಾಯಿ ಅಷ್ಟೇ ಬೇಗ ಹಿಂದಿನ ಗಾಡೀದು ಎನ್ನುತ್ತಿತ್ತೇ? ಎನ್ನುತ್ತಿತ್ತು, ಎನ್ನಬೇಕು. ಆದರೆ ಒಂದು ಚಣ ತಡವರಿಸಿತು; ಸ್ವಲ್ಪ ತಡೀರಿ, ಧೂಳಿತ್ತು ಎಂದಿತು. ತಡವರಿಸಿದ್ದು ಈಗಿನ ಬಾಯಿಯೋ ನಿನ್ನೆಯದೋ ತಿಳಿಯದೆ ಅವನು ಮೇಜಿನ ಮೇಲಿನ ನೊಣವನ್ನು ನೋಡುತ್ತ ಕುಳಿತ.

ಕೊಟ್ರೇಶ ತನ್ನ ಚಿಂತೆಯಲ್ಲಿದ್ದ. “ಲಕ್ಷ್ಮೇಶ್ವರದ ಟ್ರ್ಯಾಕ್ಸಿನವರು ಇನ್ನ ಇನಾಯತನ ಕಡೆ ಗಾಡಿ ಬಿಡೂದಿಲ್ಲಂತ್ರಿ. ಶರ್ಯತ್ತಿನ್ಯಾಗ ಹೊಲಸು ಆಡಾವ ನಟ್ಟು ಬೋಲ್ಟಿನ್ಯಾಗ ಆಡೂದಿಲ್ಲಂತ ಏನ್ ಗ್ಯಾರಂಟಿ ಅಂತಾರ. ಪಾಪ, ಕೆಲಸಗಾರ ಹುಡುಗ. ಆದ್ರ ಏನ್ ಮಾಡೂದು, ಗೆರಿ ಅಂದ್ರ ಗೆರಿ.”

“ವೀರೂನ ಗಾಡಿ ಎಲ್ಲಿ ಜಜ್ಜೇತಿ?” ನಿಜಲಿಂಗಪ್ಪ ಕೇಳಿದ.

“ಡ್ರೈವರ್ ಬಾಗಲಾನ ಜಜ್ಜೇತ್ರಿ. ಮೊದಲ ಹಿಂದ ತಾಗಿ, ಗಾಡಿ ತಿರುಗಿದ ಮ್ಯಾಲ ಬಾಗಲಕ್ಕ ಬಡದಿದ್ರೂ ಬಡದಿರಬಹುದು. ತಗಡು ಏನ್ ಹೇಳತೈತಿ? ಅದಕ್ಕ ಪಂಚರನ್ನ ನಿಲ್ಲಸೂದು. ನೀವು ಕಂಡೀರಲ್ಲ, ಆತು.”

ವೀರು ಬಟ್ಟೆಯ ಗಂಟನ್ನು ಸರಿಮಾಡಿಕೊಂಡ. ಹೇಳುವುದಾದರೆ ಇದೇ ಹೊತ್ತು ಎಂದು ನಿಜಲಿಂಗಪ್ಪನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆಗಲೇ ರಹಮಾನಸಾಬ ಚಹಾ ತಂದಿಟ್ಟ, ಪಂಚರ ಚಹಾಕ್ಕೆ ರೊಕ್ಕ ತೊಗೊಳೂದಿಲ್ಲ ಎಂದು ನಕ್ಕ. ನಿಜಲಿಂಗಪ್ಪ ಊದಿ ಊದಿ ಕುಡಿದ. ಕಪ್ಪು ಖಾಲಿಯಾದಾಗ ಹೇಳುವ ಹೊತ್ತೂ ಮುಗಿದಿತ್ತು. ಎದ್ದು, ಬರ್ತೇನ್ರಿ ಎಂದು ಹೊರಬಂದ.

ಗ್ಯಾರೇಜು ಅಲ್ಲಿಂದ ಕೂಗಳತೆ ದೂರ. ಸೋಮವಾರ ಬೆಳಿಗ್ಗೆ ಟ್ರ್ಯಾಕ್ಸುಗಳು ಸಾಲು ನಿಲ್ಲುವ ಅಂಗಳ ಖಾಲಿ ಇತ್ತು. ಬೇವಿನ ಮರದ ಕೆಳಗೆ ಕೆಂಪು ಕಾರು, ಅದರ ಬಾಗಿಲ ಮೇಲೆ ಮೂರು ಬೆರಳಿನ ಬಿಳಿ ಗೆರೆ ಒಣಗಿ ಹಕ್ಕಳೆ ಎದ್ದಿತ್ತು. ಪಕ್ಕದಲ್ಲೇ ವೀರುವಿನ ನೀಲಿ ಕಾರು. ಬೈಪಾಸಿಗೆ ಹತ್ತಿರದ ಗ್ಯಾರೇಜು ಇದೊಂದೇ. ನಿನ್ನೆ ಸಂಜೆ ಇನಾಯತನೇ ಹಗ್ಗ ಕಟ್ಟಿ ಎಳೆದು ತಂದಿರಬೇಕು. ಈಗ ಅವನು ಅದರೊಳಗೆ ಕುಳಿತು, ಜಜ್ಜಿದ ಬಾಗಿಲನ್ನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಹೊರಗೆ ತರುತ್ತಿದ್ದ. ಗೆದ್ದವನ ಕಾರನ್ನು ಸೋತವನು ನೆಟ್ಟಗೆ ಮಾಡುತ್ತಿದ್ದಾನೆ. ನಿಜಲಿಂಗಪ್ಪನನ್ನು ಕಂಡು ಇನಾಯತ ಇಳಿದ, ಸ್ಟೂಲನ್ನು ಬಟ್ಟೆಯಿಂದ ಒರೆಸಿ ಮುಂದಿಟ್ಟ, “ಬರ್ರಿ ಕಾಕಾ” ಎಂದು ಮತ್ತೆ ಕಾರಿನೊಳಗೆ ಹೋಗಿ ಕುಳಿತ.

“ಆ ಗೆರಿ ಒರಸಾಕ ಬಂದೇನಿ” ಎಂದ ನಿಜಲಿಂಗಪ್ಪ, ಕುಳಿತುಕೊಳ್ಳದೆ.

“ಯಾಕ್ರಿ? ಮುಂದಿನ ಶರ್ಯತ್ತಿನಮಟ ಇರಬೇಕಲ್ಲ.”

“ನಾ ನೋಡಿರಲಿಲ್ಲ.”

ಸುತ್ತಿಗೆಯ ಸದ್ದು ನಿಂತಿತು. “ಗೊತ್ತೈತ್ರಿ” ಎಂದ ಇನಾಯತ. ಕಾರಿನಿಂದ ಇಳಿದು ಬಂದು ಎದುರಿಗೆ ನಿಂತ, ತನ್ನ ಅಂಗೈಯನ್ನು ನಿಜಲಿಂಗಪ್ಪನ ಮುಖದ ಮುಂದೆ ಒಂದು ಮೊಳ ದೂರಕ್ಕೆ ಹಿಡಿದ. “ಒಳಗಿನ ಬಾಜೂಕ ಬಂದಾವ ನಾ. ನಿಮ್ಮ ಮಾರಿ ನಂಗ ಇಷ್ಟ ದೂರ ಇತ್ತು. ಗಟ್ಟ್ಯಾಗಿ ಕಣ್ಣು ಮುಚ್ಚಿದ್ರಿ, ಮಾರಿ ಎಲ್ಲಾ ಸುಕ್ಕ ಆಗಿತ್ತು.”

ಬೇವಿನ ಎಲೆಗಳು ಅಲುಗುತ್ತಿದ್ದವು. ಒಬ್ಬ ನೋಡಿದ್ದ. ಇಡೀ ಜೀವಮಾನದಲ್ಲಿ ತಾನೇ ನೋಡದಿದ್ದ ತನ್ನ ಆ ಮುಖವನ್ನು, ಅಷ್ಟು ವೇಗದಲ್ಲಿ ಹೋಗುತ್ತಿದ್ದ ಈ ಹುಡುಗ ನೋಡಿದ್ದ. ನಿಜಲಿಂಗಪ್ಪ ಕೇಳಿದ: “ಹಂಗಾರ ಆವಾಗ ಹೇಳಲಿಲ್ಲ ಯಾಕ?”

“ಯಾರ ಮುಂದ ಹೇಳ್ಲಿ? ಸೋತಾವ ಪಂಚರ ಕಣ್ಣ ಮುಚ್ಚಿದ್ವು ಅಂದ್ರ ನಗತಾರ. ಅದೂ ನಾ ಹೇಳಿದ್ರ.” ಅದೂ ನಾ ಎಂಬುದನ್ನು ಅವನು ಒತ್ತಿ ಹೇಳಲಿಲ್ಲ, ದಿನದ ಮಾತಿನಂತೆ ಹೇಳಿದ. “ಕಂಡದ್ದು ಖರೆ ಇರಬೇಕ್ರಿ ಅಂತ ಅಂದೆ ನೋಡ್ರಿ, ಅದಕ್ಕರ ನೀವು ಏನರ ಅಂತೀರಿ ಅಂತ ಅಂದೆ. ನೀವು ಡಬ್ಬಿ ಮುಚ್ಚಿ ಹೋದ್ರಿ.”

“ಖರೆ ಹೇಳು, ನಿನ್ನ ಮೂತಿ ವೀರೂನ ಬಾಗಲಕ್ಕ ಬಂದಿತ್ತೇನು?”

ಇನಾಯತ ಈಗ ನಕ್ಕ, ಅದು ನಗುವಂಥ ನಗುವಾಗಿರಲಿಲ್ಲ. “ಈಗ ನನ್ನ ಕೇಳ್ತೀರೇನು? ನಾ ಬಂದಿತ್ತು ಅಂತೇನಿ, ಅವ ಇಲ್ಲ ಅಂತಾನ. ಆ ತಿರುವಿನ್ಯಾಗ ನಾ ಒತ್ತಿದ್ದು ಖರೆ, ಒತ್ತಾಕ ಅಂತನ ಹೋಗಿದ್ದೆ. ಹೊಲಸು ಆಡಿಲ್ಲ. ಆದ್ರ ನಾ ಅಂದ್ರ ಏನ್ ಬಂತು? ನೋಡಾಕ ಅಂತ ನಿಂತಾವ್ರು ನೀವು.” ಸುತ್ತಿಗೆಯನ್ನು ಕಾರಿನ ಮೇಲೆ ಇಟ್ಟು, ಬೇರೆ ದನಿಯಲ್ಲಿ ಹೇಳಿದ: “ಕೊರ್ಲಹಳ್ಳಿಯಿಂದ ಮುಂಡರಗಿ ಸಾಲಿಗೆ ನಿಮ್ಮ ಬಸ್ಸಿನ್ಯಾಗ ಹೋದಾವ್ರಿ ನಾ. ನಮ್ಮವ್ವ ಹೇಳತಿದ್ಲು, ಆ ಡ್ರೈವರ್ ಇದ್ರ ನಿದ್ದಿ ಮಾಡ್ಕೋತ ಹೋಗು, ಏನೂ ಆಗೂದಿಲ್ಲ ಅಂತ. ದಿನಾ ನಿದ್ದಿ ಮಾಡ್ಕೋತ ಹೋದೆ. ಬೆಳಗ ಹರಿಯೂತನ ಅದನ್ನ ವಿಚಾರ ಮಾಡೇನಿ ಕಾಕಾ, ಆವಾಗರ ನಿಮ್ಮ ಕಣ್ಣು ತೆರದಿದ್ವೋ ಇಲ್ಲೋ ಅಂತ.”

ಬೆಳಗಿನ ಆ ಬಸ್ಸು ಅವನಿಗೆ ಈಗಲೂ ಕನ್ನಡಿಯಲ್ಲಿ ಕಾಣುತ್ತದೆ. ಹೊಳೆಯ ಕಡೆಯಿಂದ ತಂಪು ಗಾಳಿ, ಪಾಟೀಚೀಲಗಳನ್ನು ಅಪ್ಪಿಕೊಂಡು ಒಬ್ಬರ ಹೆಗಲ ಮೇಲೊಬ್ಬರು ವಾಲಿದ ಮಕ್ಕಳು, ಎಣ್ಣೆ ಹಚ್ಚಿ ಬಾಚಿದ ಸಣ್ಣ ಸಣ್ಣ ತಲೆಗಳು ತಗ್ಗು ಬಂದಾಗ ಒಟ್ಟಿಗೆ ಅಲುಗುವುದು. ಮಕ್ಕಳು ನಿದ್ದೆ ಮಾಡುತ್ತವೆ ಎಂಬುದು ಅವನ ದೊಡ್ಡ ಅಭಿಮಾನವಾಗಿತ್ತು. ಪದಕಕ್ಕಿಂತ ಅದೇ ದೊಡ್ಡದು ಎಂದು ಶೇಖವ್ವನ ಮುಂದೆ ಎಷ್ಟೋ ಸಲ ಹೇಳಿದ್ದ. ಆ ತಲೆಗಳಲ್ಲಿ ಒಂದು ಇವನದು. ನಿಜಲಿಂಗಪ್ಪ ಹೆಗಲ ಮೇಲಿನ ಟವೆಲನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಕೆಂಪು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೆರೆಯನ್ನು ಒರೆಸತೊಡಗಿದ. ಹಕ್ಕಳೆ ಉದುರಿತು, ಸುಣ್ಣ ನೀರಾಗಿ ಮೊಣಕೈಗೆ ಇಳಿಯಿತು. ಹಳೆಯ ಬಣ್ಣ ಸುಣ್ಣ ಕುಡಿದಿತ್ತು. ಗೆರೆ ಹೋಗಿ ಅದರ ಜಾಗದಲ್ಲಿ ಮಾಸಲು ಕಲೆ ಉಳಿಯಿತು.

ಇನಾಯತ ತಡೆಯಲಿಲ್ಲ, ಸಹಾಯಕ್ಕೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದ, “ಇಲ್ಲಿ ಒರಸಿದ್ರ ಯಾರಿಗೆ ಕಾಣತೈತ್ರಿ ಕಾಕಾ? ಈಗ ನಾನ ಒರಸಕೊಂಡೇನಿ ಅಂತಾರ. ಹೊಲಸು ಓಡಿಸಿದ್ದಲ್ಲದ ರಿವಾಜೂ ಮುರದ ಅಂತಾರ.”

ಒದ್ದೆ ಟವೆಲು ಕೈಯಲ್ಲೇ ನಿಂತಿತು. ಒಳ್ಳೆಯದನ್ನೂ ನೋಡದೆಯೇ ಮಾಡಿದ್ದ. ಯಾರೂ ಇಲ್ಲದ ಅಂಗಳದಲ್ಲಿ, ಬೈಯದ ಹುಡುಗನ ಮುಂದೆ ಒಪ್ಪಿಕೊಂಡು ಹಗುರಾಗಿ ಮನೆಗೆ ಹೋಗುವ ಆಸೆಯಿಂದ ಅಲ್ಲವೇ ತಾನು ಬೆಳಿಗ್ಗೆ ಹೊರಟದ್ದು? ಚಹಾದಂಗಡಿಯಲ್ಲಿ ಕಪ್ಪಿನ ತಳ ನೋಡುತ್ತ ಕುಳಿತದ್ದೂ ಕಣ್ಣು ಮುಚ್ಚಿದ್ದೇ. ಅವನು ಎದ್ದ. ಮೊಣಕಾಲು ನೋಯಿತು. ಟಿವಿಎಸ್ಸಿನ ಚೀಲದಿಂದ ಡಬ್ಬಿ ತೆಗೆದು, ಮೂರು ಬೆರಳು ಅದ್ದಿ, ತನ್ನ ಗಾಡಿಯ ಮುಂಭಾಗದಲ್ಲಿ, ಎದುರಿಗೆ ಬಂದವರಿಗೆ ಮೊದಲು ಕಾಣುವ ಕಡೆ, ದಪ್ಪನಾಗಿ ಗೆರೆ ಎಳೆದ. ಗೆರೆ ಸ್ವಲ್ಪ ಓರೆಯಾಯಿತು.

“ಕಾಕಾ, ಏನ್ ಮಾಡಾಕತ್ತೀರಿ?”

“ತಪ್ಪು ಮಾಡಿದವನ ಗಾಡಿಗೆ ಹಚ್ಚೂದು ರಿವಾಜು” ಎಂದ ನಿಜಲಿಂಗಪ್ಪ. ಗಾಡಿ ರಸ್ತೆಗೆ ಬರುವವರೆಗೂ ಹಿಂದಿನಿಂದ ಸುತ್ತಿಗೆಯ ಸದ್ದು ಕೇಳಲಿಲ್ಲ.

ಕ್ರಾಸಿನವರೆಗಿನ ದಾರಿ ಸಣ್ಣದು. ಆದರೂ ಎರಡು ಸಲ ಗಾಡಿ ಹೊರಳಿಸಬೇಕೆನಿಸಿತು. ಒರೆಸಿಬಿಟ್ಟರೆ ಮುಗಿಯಿತು, ಇನ್ನೂ ಹಸಿಯಾಗಿದೆ. ಪದಕವನ್ನು ಒರೆಸುವ ಶೇಖವ್ವನಿಗೆ ಏನು ಹೇಳುವುದು, ಓಣಿಯಲ್ಲಿ ಏನು ಹೇಳುವುದು, ಕೈಮುಗಿದ ಟ್ರ್ಯಾಕ್ಟರಿನವನಿಗೆ ಏನು ಹೇಳುವುದು. ಬಿಸಿಲು ಮೇಲೇರಿತ್ತು. ಮುಂಡರಗಿ ಬಸ್ಸು ಇನ್ನೂ ಬಂದಿರಲಿಲ್ಲ, ತಗಡಿನ ನೆರಳಿನಲ್ಲಿ ಜನ ಹೆಚ್ಚಾಗಿದ್ದರು. ಅವನು ಟಿವಿಎಸ್ಸನ್ನು ಅಂಗಡಿಯ ಮುಂದೆ, ಬೆಂಚಿಗೆ ಎದುರಾಗಿ ನಿಲ್ಲಿಸಿದ. ಮೊದಲು ನೋಡಿದವನು ವೀರು, ನೋಡಿ ಕೆಳಗೆ ನೋಡಿದ. ಆಮೇಲೆ ಸಂಗಪ್ಪ ನಗುತ್ತ ಕೇಳಿದ, “ಇದೇನ್ರಿ ಇದು, ಪಂಚರ ಗಾಡಿಗೆ ಸುಣ್ಣ! ಯಾಕ ಹತ್ತಿತು?”

ಕೇಳಿಬಿಟ್ಟಿದ್ದ. ಇನ್ನು ಹೇಳಲೇಬೇಕು.

“ನಿನ್ನಿ ಗಾಡಿ ತಿರುವಿಗೆ ಬಂದಾಗ ನಾ ಕಣ್ಣು ಮುಚ್ಚಿದ್ದೆ. ಅಂಜಿ ಮುಚ್ಚಿದೆ. ಯಾರ ಮೂತಿ ಎಲ್ಲಿತ್ತೋ ನಾ ನೋಡಿಲ್ಲ. ಇನಾಯತನ ಬಾಗಲಕ್ಕ ಹಚ್ಚಿದ್ದು ನೋಡದ ಹಚ್ಚಿದ್ದು. ಅದನ್ನ ನಾನ ಒರಸಿ ಬಂದೇನಿ, ಅವ ಒರಸಿಲ್ಲ.”

ಸಂಗಪ್ಪನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಕೊಟ್ರೇಶ ಕಪ್ಪನ್ನು ಕೆಳಗಿಟ್ಟ. “ಹಂಗಾರ ಗೆದ್ದಾವ ಯಾರ್ರಿ?”

“ನಂಗ ಗೊತ್ತಿಲ್ಲ. ಗೊತ್ತಿದ್ದಾವ ಇಲ್ಲೇ ಕುಂತಾನ, ಅವಗ ಕೇಳ್ರಿ.”

ಯಾರೂ ವೀರುವನ್ನು ಕೇಳಲಿಲ್ಲ. ವೀರು ಬಲಗೈಯಿಂದ ಎಡಗೈಯ ಬಟ್ಟೆಯನ್ನು ಹಿಡಿದುಕೊಂಡು ಕೂತಿದ್ದ, ಅವನ ಕಿವಿ ಕೆಂಪಾಗಿತ್ತು. ಸಂಗಪ್ಪ ಎದ್ದು ಬಂದು ನಿಜಲಿಂಗಪ್ಪನ ತೋಳು ಹಿಡಿದು ತಗ್ಗಿದ ದನಿಯಲ್ಲಿ, “ಮೆಲ್ಲಕ ಮಾತಾಡ್ರಿ, ಮಂದಿ ಐತಿ. ಇದನ್ನ ಒಳಗ ಕುಂತು ಮುಗಸೂಣು” ಎಂದ. ಬಸ್ಸಿಗೆ ಕಾದವರಲ್ಲಿ ಕೆಲವರು ಆಗಲೇ ತಿರುಗಿ ನೋಡುತ್ತಿದ್ದರು. ಅವರಲ್ಲಿ ಎಷ್ಟು ಜನ ತನ್ನ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವರೋ ಎಂದು ನಿಜಲಿಂಗಪ್ಪ ನೋಡಿದ. ಆಗ ಒಲೆಯ ಹಿಂದಿನಿಂದ ರಹಮಾನಸಾಬ ಒಂದು ಕೈಯನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಚಹಾದ ಸೋಸಣಿಗೆ ಎತ್ತಿಕೊಂಡು ಮುಂದೆ ಬಾಗಿದ.

“ಏನಂದ್ರಿ ನಿಜಲಿಂಗಪ್ಪನವರ? ಸುಣ್ಣ ಯಾಕ ಹತ್ತಿತಂದ್ರಿ? ನಂಗ ಕೇಳಸಲಿಲ್ಲ.”

“ಏನಿಲ್ಲ ಬಿಡೋ ಮಾರಾಯ” ಎಂದ ಸಂಗಪ್ಪ, ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು.

ಕೇಳಿದವರಿಗೆಲ್ಲ ಹೇಳಬೇಕು. ನಿಜಲಿಂಗಪ್ಪ ತೋಳು ಬಿಡಿಸಿಕೊಂಡ, ಮುದುಕನ ಕಡೆಗೆ ಪೂರ್ತಿ ತಿರುಗಿದ. ಈ ಸಲ ರಸ್ತೆಯ ಆಚೆ ನಿಂತವರಿಗೂ ಕೇಳುವಂತೆ ದನಿ ಎತ್ತಿ ಹೇಳಿದ:

“ಕಣ್ಣು ಮುಚ್ಚಿದ್ದೆ, ರಹಮಾನಸಾಬ.”